ಮರದ ರೋಲರ್ ಕೋಸ್ಟರ್ ಯಾಕಿಲ್ಲ?

ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಗೆಳೆಯರೆಲ್ಲ ಕೆ.ಆರ್. ಪುರದಲ್ಲಿ ಮೆಟ್ರೊ ಹತ್ತಿ, ಚಲ್ಲಘಟ್ಟದಲ್ಲಿಳಿದು, ಬಸ್ಸಿನಲ್ಲಿ ಬಿಡದಿಯ ವಂಡರ್‌ಲಾಗೆ ಹೋಗಿದ್ದೆವು. ಅಲ್ಲಿನ ‘ರಿಕಾಯ್ಲ್’ ರೋಲರ್ ಕೋಸ್ಟರ್ ಉಕ್ಕಿನದು. ರಾತ್ರಿ ಮನೆಯಲ್ಲಿ ಅದನ್ನು ವರ್ಣಿಸುತ್ತಿದ್ದಾಗ ಬಡಗಿ ಕೆಲಸದ ನಮ್ಮಪ್ಪ ಕೇಳಿದರು: ‘ಮರದಲ್ಲಿ ಮಾಡಕ್ಕಾಗಲ್ವೇನೋ?’

ಹುಡುಕಿದೆ. ಆಗುತ್ತದೆ! ಅಮೆರಿಕದ ಒಹಾಯೊ ರಾಜ್ಯದ ಕಿಂಗ್ಸ್ ಐಲೆಂಡ್ ಪಾರ್ಕ್‌ನಲ್ಲಿ 1979ರಲ್ಲೇ ‘ದಿ ಬೀಸ್ಟ್’ ಶುರುವಾಯಿತು. ಹಲಗೆಗಳನ್ನು ಪದರ ಪದರವಾಗಿ ಜೋಡಿಸಿ, ಚಕ್ರ ಉರುಳುವಲ್ಲಿ ಉಕ್ಕಿನ ಪಟ್ಟಿ ಹೊಡೆದ ಹಳಿ ಅದು.

ಆದರೂ ಹಲವು ಪಾರ್ಕ್‌ಗಳು ಹಿಂಜರಿಯುವುದು ಮುಗಿಯದ ಆರೈಕೆಗೆ ಹೆದರಿ. ಮಳೆಗಾಲದಲ್ಲಿ ನಮ್ಮನೆ ಬಾಗಿಲು ಬಿಗಿಯುವಂತೆ ಹಳಿಯ ಮರವೂ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಬೋಲ್ಟ್ ಸಡಿಲವಾಗಿ ಬಂಡಿ ಕುಲುಕುತ್ತದೆ. ಕುಲುಕಿದಷ್ಟೂ ಹಳಿ ಸವೆಯುತ್ತದೆ. ಕೆಲಸಗಾರರು ಹಳಿಯುದ್ದಕ್ಕೂ ನಡೆದು ಪರೀಕ್ಷಿಸಬೇಕು, ಸವೆದ ಹಲಗೆ ಬದಲಿಸಬೇಕು. ಕಿಂಗ್ಸ್ ಐಲೆಂಡ್‌ನಲ್ಲೇ 2000ದಲ್ಲಿ ಬಂದ ‘ಸನ್ ಆಫ್ ಬೀಸ್ಟ್’ನಲ್ಲಿ 2006ರಲ್ಲಿ ಮರ ಬಿರಿದು 27 ಮಂದಿ ಗಾಯಗೊಂಡರು. 2009ರಲ್ಲಿ ಅದು ನಿಂತಿತು, 2012ರಲ್ಲಿ ಕೆಡವಿದರು. ಅದೇ ರಾಜ್ಯದ ಸೀಡರ್ ಪಾಯಿಂಟ್ ಪಾರ್ಕ್, ‘ಮೀನ್ ಸ್ಟ್ರೀಕ್’ನ ಮರದ ಚೌಕಟ್ಟಿನ ಮೇಲೆ ಉಕ್ಕಿನ ಹಳಿ ಹಾಕಿ 2018ರಲ್ಲಿ ‘ಸ್ಟೀಲ್ ವೆಂಜನ್ಸ್’ ತೆರೆಯಿತು.

‘ಮರದ್ದೇನೂ ತಪ್ಪಿಲ್ಲ ಬಿಡು. ದಿನಾ ನೋಡ್ಕೊಳ್ಳೋ ಕೈ ಬೇಕು’ ಅಂದರು ಅಪ್ಪ.

ಕಾಲೇಜಿನ ಅರ್ಜಿಗಳಲ್ಲಿ ಅವರ ವೃತ್ತಿಯನ್ನು ‘ಸ್ವಂತ ಉದ್ಯೋಗ’ ಎಂದೇ ಬರೆಯುತ್ತಿದ್ದೆ. ಈ ವಾರ ಕ್ಯಾಂಪಸ್ ಸಂದರ್ಶನದ ಅರ್ಜಿ ಬಂತು. ‘ಬಡಗಿ’ ಎಂದು ಬರೆದೆ.