ಒದ್ದೆ ಹಾದಿಯ ಮೇಲೆ ಪಂದ್ಯದ ಮೋಟಾರು

ಕ್ಯಾಲನೂರಿನಿಂದ ಕೋಲಾರಕ್ಕೆ ಬಂದು, ಮುಳಬಾಗಿಲನ್ನು ಹಾಯುವ ಹಳೆಯ ಮದರಾಸು ರಸ್ತೆಯಲ್ಲಿ ಪೂರ್ವಕ್ಕೆ ಹೊರಟರೆ, ಚೆನ್ನೈ ಸೇರುವ ಮುನ್ನ ಶ್ರೀಪೆರಂಬುದೂರಿನ ಬಳಿ ಇರುಂಗಾಟ್ಟುಕೋಟೈ ಎಂಬ ಊರು ಸಿಕ್ಕುತ್ತದೆ. 1990ರಲ್ಲಿ ಅಲ್ಲಿ ಸುಮಾರು 3.7 ಕಿಲೋಮೀಟರು ಉದ್ದದ ಮೋಟಾರು ಪಂದ್ಯದ ಹಾದಿ ಆರಂಭವಾಯಿತು. ಆ ಸೀಮೆಯಲ್ಲಿ ಹಿಂಗಾರು ಮಳೆ ಬಲವಾದುದು. ಇಂಥ ಹಾದಿಗಳಲ್ಲಿ ಬಿಸಿಲಿನ ದಿನ ಅತ್ಯಂತ ವೇಗದ್ದಾಗಿದ್ದ ಜಾಡೇ ಮಳೆಯಲ್ಲಿ ಅತ್ಯಂತ ಜಾರುವ ಜಾಡಾಗುವುದುಂಟು. ಇದು ಹೇಗೆಂಬುದನ್ನು ವಿಚಾರಿಸೋಣ.

ತಿರುವಿನಲ್ಲಿ ಗಾಡಿಯನ್ನು ಒಳಕ್ಕೆ ಸೆಳೆದಿಡುವುದು ಟೈರಿಗೂ ನೆಲಕ್ಕೂ ನಡುವಣ ಘರ್ಷಣೆ. ಇದಕ್ಕೆ ಬೇಕಾಗುವ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಆದ್ದರಿಂದ ಸಮತಲ ಹಾದಿಯಲ್ಲಿ ಹಿಡಿತವು ಅರ್ಧಕ್ಕಿಳಿದರೆ, ಗಂಟೆಗೆ 100 ಕಿಲೋಮೀಟರಿನಲ್ಲಿ ತಿರುಗುತ್ತಿದ್ದವನು ಸುಮಾರು 70ಕ್ಕೆ ಇಳಿಯಬೇಕು.

ಒಣ ಹಾದಿಯಲ್ಲಿ ಚಾಲಕರೆಲ್ಲರೂ ತಿರುವನ್ನು ಆದಷ್ಟು ದೊಡ್ಡ ವೃತ್ತಖಂಡವಾಗಿಸುವ ಒಂದೇ ಜಾಡನ್ನು ಹಿಡಿಯುತ್ತಾರೆ. ಟೈರುಗಳಿಂದ ಸವೆದ ರಬ್ಬರು ಅಲ್ಲಿನ ಜಲ್ಲಿಯ ಸಂದುಗಳನ್ನು ತುಂಬುತ್ತದೆ. ಒಣಗಿದ್ದಾಗ ಅದಕ್ಕೆ ಟೈರು ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ನೆನೆದಾಗಲೋ, ನೀರಿನ ಪೊರೆಯನ್ನು ಭೇದಿಸಬಲ್ಲ ಜಲ್ಲಿಯ ಮೊನೆಗಳು ಅಲ್ಲಿ ಉಳಿದಿರುವುದಿಲ್ಲ. ಆದಕಾರಣ ಬಲ್ಲ ಚಾಲಕನು ರೂಢಿಯ ಜಾಡನ್ನು ಬಿಟ್ಟು, ದೂರ ಹೆಚ್ಚಾದರೂ ಚಿಂತೆಯಿಲ್ಲವೆಂದು ಹೊರಬದಿಯ ಒರಟು ನೆಲವನ್ನು ಅರಸುತ್ತಾನೆ.

ನೀರು ಆಳವಾಗಿ ನಿಂತಲ್ಲಿ ಮಾತು ಬೇರೆ. ಮುಂದಿನ ನೀರು ಪಕ್ಕಕ್ಕೆ ಸರಿಯುವಷ್ಟು ಅವಕಾಶವಿಲ್ಲದಾಗ ಅದು ಟೈರಿನಡಿ ಬೆಣೆಯಂತೆ ನುಗ್ಗಿ ಗಾಡಿಯನ್ನೇ ಎತ್ತುತ್ತದೆ. ಅಮೆರಿಕದ ನಾಸಾ ಸಂಸ್ಥೆಯಲ್ಲಿ ವಿಮಾನದ ಟೈರುಗಳನ್ನು ಪರೀಕ್ಷಿಸಿದ ಹಾರ್ನ್ ಮತ್ತು ಡ್ರೆಹರ್ ಎಂಬವರು 1963ರಲ್ಲಿ ಇದಕ್ಕೊಂದು ಸರಳ ಸೂತ್ರವನ್ನು ಕೊಟ್ಟರು: ಚದರ ಅಂಗುಲಕ್ಕೆ ಇಷ್ಟು ಪೌಂಡು ಎಂದು ಅಳೆದ ಗಾಳಿಯ ಒತ್ತಡದ ವರ್ಗಮೂಲವನ್ನು 10.35ರಿಂದ ಗುಣಿಸಿದರೆ, ಟೈರು ತೇಲುವ ವೇಗವು ಗಂಟೆಗೆ ಮೈಲಿಗಳಲ್ಲಿ ದೊರೆಯುತ್ತದೆ. ಒತ್ತಡ 32 ಆದರೆ ಸುಮಾರು 58 ಮೈಲಿ, ಅಂದರೆ 94 ಕಿಲೋಮೀಟರು. ಮೋಟಾರಿನ ಟೈರಿಗೆ ಇದು ಸ್ಥೂಲವಾದ ಅಂದಾಜು ಮಾತ್ರ. ಆದರೂ ಗಾಡಿಯ ತೂಕ ಈ ಸೂತ್ರದಲ್ಲಿ ಇಲ್ಲವೇ ಇಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ತೂಕ ಹೆಚ್ಚಿದರೆ ಟೈರು ನೆಲವನ್ನು ಮುಟ್ಟುವ ಜಾಗವೂ ಹೆಚ್ಚುವುದೇ ಕಾರಣ. ಗಾಳಿ ಕಡಿಮೆಯಾದ ಟೈರು ಮಾತ್ರ ಬೇಗನೆ ತೇಲುತ್ತದೆ.

ಮಳೆಯ ಟೈರಿಗೆ ಆಳವಾದ ಗೀರುಗಳಿರುವುದು ನೀರಿಗೆ ದಾರಿ ಬಿಡುವುದಕ್ಕಾಗಿಯೇ. ಫಾರ್ಮುಲಾ ಒನ್ ಪಂದ್ಯಗಳಿಗೆ ಪಿರೆಲ್ಲಿ ಕಂಪೆನಿಯು ತಯಾರಿಸಿದ ಇಂಥ ಒಂದು ಟೈರು, ಗಂಟೆಗೆ 300 ಕಿಲೋಮೀಟರು ವೇಗದಲ್ಲಿ ಸೆಕೆಂಡಿಗೆ 85 ಲೀಟರು ನೀರನ್ನು ಹೊರದೂಡುತ್ತದೆಂದು ಕಂಪೆನಿ ಹೇಳಿದೆ. ಕೊಡಗಳ ಲೆಕ್ಕದಲ್ಲಿ ಊಹಿಸಿಕೊಳ್ಳಿ!

ಇಷ್ಟಾದರೂ ಅಪಾಯ ತಪ್ಪಿದ್ದಲ್ಲ. 2014ರ ಅಕ್ಟೋಬರ್ 5ರಂದು ಜಪಾನಿನ ಸುಜುಕಾದಲ್ಲಿ, ಹಾದಿಗೆ ಅಡ್ಡಲಾಗಿ ಹರಿದ ನೀರು ಒಂದು ತಿರುವಿನಲ್ಲಿ ಒಣಗುತ್ತಿದ್ದ ಪಟ್ಟಿಯನ್ನು ಕಿರಿದಾಗಿಸಿತ್ತು. ಒಂದು ಗಾಡಿ ಅಲ್ಲಿ ಜಾರಿ ಹೊರಬಿದ್ದಿತು. ಮರುಸುತ್ತಿನಲ್ಲಿ ಅದೇ ಸ್ಥಳದಲ್ಲಿ ಜಾರಿದ ಜೂಲ್ಸ್ ಬಿಯಾಂಕಿಯ ಗಾಡಿ, ಮೊದಲಿನದನ್ನು ಎತ್ತುತ್ತಿದ್ದ ಯಂತ್ರಕ್ಕೆ ಬಡಿಯಿತು. ಆತನು 2015ರ ಜುಲೈಯಲ್ಲಿ ತೀರಿಕೊಂಡನು.

ತೇಲತೊಡಗಿದ ಗಾಡಿಯಲ್ಲಿ ಚುಕ್ಕಾಣಿಯನ್ನು ಬಲವಾಗಿ ತಿರುಗಿಸಬಾರದು. ಆಗ ಅದರಿಂದ ಪ್ರಯೋಜನವಿಲ್ಲ. ಹಿಡಿತ ಮರಳಿದ ಕ್ಷಣವೇ ತಿರುಗಿದ್ದ ಚಕ್ರಗಳು ಗಾಡಿಯನ್ನು ಒಮ್ಮೆಗೇ ಪಕ್ಕಕ್ಕೆ ಎಸೆಯುತ್ತವೆ. ಚುಕ್ಕಾಣಿಯನ್ನು ನೇರವಾಗಿ ಹಿಡಿದು, ವೇಗದ ಪೆಡಲಿನಿಂದ ಕಾಲನ್ನು ಮೆಲ್ಲನೆ ತೆಗೆದು, ಟೈರು ನೆಲವನ್ನು ಮುಟ್ಟುವವರೆಗೆ ಕಾಯಬೇಕು.