ಘಟ್ಟದ ಮೇಲೊಂದು ಕಡಲ ಕುಡಿ

ಆಗುಂಬೆಗೆ ಸೂರ್ಯಾಸ್ತ ನೋಡಲು ಹೋದವರೆಲ್ಲ ಪಡುವಣದ ಕಡಲಿನತ್ತ ಮುಖ ಮಾಡಿ ನಿಲ್ಲುತ್ತಾರೆ. ಅವರ ಬೆನ್ನ ಹಿಂದಿನ ಕಾಡಿನಲ್ಲಿ, ನೀರು ಜಿನುಗುವ ಬಂಡೆಗಳ ಮೇಲೆ, ಅದೇ ಕಡಲಿನ ನಂಟಿನ ಜೀವಿಯೊಂದು ಕಚ್ಚಿಕೊಂಡು ಕೂತಿರುತ್ತದೆ. ಒಂದು ಸೆಂಟಿಮೀಟರ್ ಕೂಡ ಬೆಳೆಯದ ಆ ಬಸವನಹುಳುವಿನ ಹೆಸರು ಕ್ರೆಮ್ನೊಕಾಂಕಸ್ ಆಗುಂಬೆನ್ಸಿಸ್.

ಇದರ ಕುಟುಂಬ ಲಿಟೋರಿನಿಡೇ. ಈ ಮನೆತನದ ಬಹುಪಾಲು ಹುಳುಗಳು ಸಮುದ್ರದಂಚಿನ ವಾಸಿಗಳು. ಕ್ರೆಮ್ನೊಕಾಂಕಸ್ ಕುಲವೊಂದೇ ಸಿಹಿನೀರನ್ನು ಮನೆ ಮಾಡಿಕೊಂಡಿದೆ, ಅದೂ ಪಶ್ಚಿಮಘಟ್ಟದಲ್ಲಿ ಮಾತ್ರ. 1869ರಲ್ಲಿ ಭೂವಿಜ್ಞಾನಿ ಬ್ಲಾನ್‌ಫರ್ಡ್ ಈ ಕುಲಕ್ಕೆ ಗ್ರೀಕಿನಲ್ಲಿ 'ಕಡಿಬಂಡೆಯ ಚಿಪ್ಪು' ಎಂಬರ್ಥದ ಹೆಸರಿಟ್ಟರು. 2013ರಲ್ಲಿ ಲಂಡನ್ನಿನ ಡೇವಿಡ್ ರೀಡ್, ಬೆಂಗಳೂರಿನ ಎನ್.ಎ. ಅರವಿಂದ್, ಉಡುಪಿಯ ಎನ್.ಎ. ಮಧ್ಯಸ್ಥ ಸೇರಿ ಇದರ 9 ಪ್ರಭೇದಗಳನ್ನು ವಿವರಿಸಿದರು. ಅವುಗಳಲ್ಲಿ 6 ಹೊಸವು. ಆಗುಂಬೆಯ ಹೆಸರು ಹೊತ್ತದ್ದು ಒಂದಾದರೆ, ಹನುಮಂತನ ಹೆಸರು ಹೊತ್ತದ್ದು ಇನ್ನೊಂದು.

ಉಪ್ಪುನೀರಿನ ಮನೆತನ ಬೆಟ್ಟದ ಮೇಲೆ ಬಾಳುವುದು ಹೇಗೆ? ಮಲ್ಪೆಯ ಕಡಲತಡಿಯ ಬಂಡೆಯನ್ನು ನೆನೆಯಿರಿ. ಅಲೆ ಬಡಿದರೆ ನೀರು, ಇಳಿತ ಬಂದರೆ ಸುಡುಬಿಸಿಲು. ಅಲ್ಲಿನ ಹುಳುವಿಗೆ ಎರಡು ಕೆಲಸ ಗೊತ್ತಿರಬೇಕು: ಅಗಲ ಪಾದದಿಂದ ಬಿಗಿಯಾಗಿ ಕಚ್ಚಿಕೊಳ್ಳುವುದು, ಒಣಗುವ ಹೊತ್ತಿಗೆ ಒಳಸರಿದು ಬಾಯಿಮುಚ್ಚಳ ಹಾಕಿಕೊಳ್ಳುವುದು. ಜಲಪಾತದ ಮಗ್ಗುಲ ಬಂಡೆ ಕೇಳುವುದೂ ಇದನ್ನೇ. ಮಳೆಗಾಲದಲ್ಲಿ ನೀರಿನ ಎರಚಲು ಬಿದ್ದು ಪಾಚಿ ಚಿಗುರುತ್ತದೆ. ಹುಳು ಸಾಲುಹಲ್ಲಿನ ನಾಲಿಗೆಯಿಂದ ಅದನ್ನು ಕೆರೆದು ತಿನ್ನುತ್ತದೆ. ಬೇಸಿಗೆಯಲ್ಲಿ ಬಂಡೆಯ ಬಿರುಕಿಗೆ ಸೇರಿ ಮಳೆಗೆ ಕಾಯುತ್ತದೆ. ಕಡಲಲ್ಲಿ ಅಲೆ ಕಲಿಸಿದ ಪಾಠ ಇಲ್ಲಿ ಅಬ್ಬಿಯ ತುಂತುರಿನಲ್ಲಿ ನೆರವಿಗೆ ಬಂದಿದೆ.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಕಡಲಿನ ಎಷ್ಟೋ ಬಸವನಹುಳುಗಳ ಮರಿಗಳು ನೀರಿನಲ್ಲಿ ತೇಲಿ ದೂರದ ತೀರ ಸೇರುತ್ತವೆ. ಒಂದು ಬಂಡೆ ಬರಿದಾದರೂ ಮತ್ತೊಂದರಿಂದ ತುಂಬುತ್ತದೆ. ಘಟ್ಟದ ಹುಳುವಿಗೆ ಆ ದಾರಿಯಿಲ್ಲ. ಒಂದು ಅಬ್ಬಿಯಿಂದ ಇನ್ನೊಂದಕ್ಕೆ ನಡುವೆ ಇರುವುದು ಒಣನೆಲ. ಅದಕ್ಕೆ ಪ್ರತಿ ಅಬ್ಬಿಯೂ ಒಂದು ದ್ವೀಪ.

ಆದ್ದರಿಂದ ರಸ್ತೆ ಅಗಲಿಸಲು ಬಂಡೆ ಒಡೆಯುವ ಮೊದಲು, ತೋಟಕ್ಕೆಂದು ಹಳ್ಳದ ನೀರನ್ನು ಪೂರ್ತಿ ತಿರುಗಿಸುವ ಮೊದಲು, ಒದ್ದೆ ಕಲ್ಲಿನ ಬಳಿ ಬಗ್ಗಿ ನೋಡಬೇಕು. ಕಾಳಿನಷ್ಟು ಚಿಕ್ಕ ಚಿಪ್ಪುಗಳು ಅಲ್ಲಿದ್ದರೆ, ಆ ಎರಚಲು ನಿಲ್ಲದಂತೆ ನೋಡಿಕೊಳ್ಳುವುದಷ್ಟೇ ಅವುಗಳಿಗೆ ನಾವು ಮಾಡಬೇಕಾದ ಉಪಕಾರ.