ಮಿದುಳಿನಲ್ಲಿ ತಾಮ್ರ: ವಿಲ್ಸನ್ ಕಾಯಿಲೆ

ತಾಮ್ರ ನಮ್ಮ ದೇಹಕ್ಕೆ ಬೇಕು; ಆದರೆ ಮಿತಿಮೀರಿದರೆ ನರಕೋಶಗಳಿಗೆ ವಿಷ. ಆದುದರಿಂದಲೇ ಅದನ್ನು ಹಿಡಿದು ಸಾಗಿಸಲು ಪ್ರತ್ಯೇಕ ಪ್ರೋಟೀನುಗಳಿವೆ. ಅವುಗಳಲ್ಲೊಂದನ್ನು ರೂಪಿಸುವ ಎಟಿಪಿ7ಬಿ ಎಂಬ ವಂಶವಾಹಿಯನ್ನು 1993ರಲ್ಲಿ ಗುರುತಿಸಲಾಯಿತು. ತಂದೆ ತಾಯಿ ಇಬ್ಬರಿಂದಲೂ ಅದರ ದೋಷಯುಕ್ತ ಪ್ರತಿಯೇ ಬಂದಲ್ಲಿ, ತಾಮ್ರ ಪಿತ್ತರಸದೊಡನೆ ಹೊರಹೋಗದೆ ಮೊದಲು ಯಕೃತ್ತಿನಲ್ಲಿ, ಬಳಿಕ ಮಿದುಳಿನಲ್ಲಿ ಶೇಖರಗೊಳ್ಳುತ್ತದೆ. ಕೈನಡುಕ, ತೊದಲು ಮಾತು, ಕೆಡುತ್ತಿರುವ ಕೈಬರಹ ಇದರ ಲಕ್ಷಣಗಳು. ಮಗುವಿನ ಸೋಮಾರಿತನವೆಂದು ಗದರಿಸುವುದೂ ಉಂಟು!

1912ರಲ್ಲಿ ಕಿನ್ನಿಯರ್ ವಿಲ್ಸನ್ ವರ್ಣಿಸಿದ ಈ ಕಾಯಿಲೆ ವಿರಳ. ಆದರೂ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಮೂರು ದಶಕಗಳಲ್ಲಿ ಕಂಡ 282 ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದರು. ಪಲ್ಲಾವರಂಗೆ ಬಂದು ನೆಲೆಸಿದರೂ ಸೋದರಮಾವ, ಅತ್ತೆಯ ಮಗ ಎಂದು ಸಂಬಂಧದಲ್ಲೇ ವರನನ್ನು ನೋಡುವ ಕುಟುಂಬಗಳು ಇದನ್ನು ಅರಿತಿರಬೇಕು. ರಕ್ತಸಂಬಂಧದ ವಿವಾಹದಲ್ಲಿ ಒಂದೇ ದೋಷ ಎರಡೂ ಕಡೆಯಿಂದ ಬರುವ ಸಂಭವ ಹೆಚ್ಚು.

ಚಿಕಿತ್ಸೆಯಿದೆ, ಜೀವನಪರ್ಯಂತ ನಡೆಯಬೇಕು. ಪೆನಿಸಿಲಮೈನ್ ತಾಮ್ರವನ್ನು ಮೂತ್ರದಲ್ಲಿ ಹೊರಹಾಕಿಸುತ್ತದೆ. ಸತುವಿನ ಮಾತ್ರೆ ಕರುಳಿನಲ್ಲಿ ಮೆಟಲೋಥಯೊನೀನ್ ಎಂಬ ಪ್ರೋಟೀನನ್ನು ಹೆಚ್ಚಿಸಿ, ಆಹಾರದ ತಾಮ್ರವನ್ನು ಅಲ್ಲಿಯೇ ತಡೆಯುತ್ತದೆ. ರೋಗಿಗೆ ತಾಮ್ರದ ಚೊಂಬಿನ ನೀರು ಸಲ್ಲದು, ಉಳಿದವರು ಹೆದರಬೇಕಿಲ್ಲ. ಒಂದು ಮಗುವಿಗೆ ರೋಗ ಖಚಿತವಾದರೆ ಒಡಹುಟ್ಟಿದ ಪ್ರತಿಯೊಬ್ಬರಿಗೂ ನಾಲ್ಕರಲ್ಲೊಂದು ಪಾಲು ಸಂಭವವಿರುತ್ತದೆ. ಲಕ್ಷಣಗಳಿಲ್ಲದಿದ್ದರೂ ಅವರ ರಕ್ತದಲ್ಲಿನ ಸೆರುಲೋಪ್ಲಾಸ್ಮಿನ್ ಮತ್ತು ಮೂತ್ರದಲ್ಲಿನ ತಾಮ್ರವನ್ನು ಕೂಡಲೇ ಪರೀಕ್ಷಿಸಿಸುವುದು ಅವಶ್ಯ.